ಮುದ್ದೆಮಾಲಾದ ಗಂಗೂ

ಕೊರೋನಾ ಹಾವಳಿ ಮುಗಿದ ಮರುವರ್ಷ. ನಾನಾಗ ಇಂಡಿ ಪಟ್ಟಣದಲ್ಲಿ ವಕೀಲಿ ಮಾಡುತ್ತಿದ್ದೆ; ಕಾನೂನು ಸೇವಾ ಸಮಿತಿಯ ಪ್ಯಾನಲ್ ವಕೀಲಳೂ ಆಗಿದ್ದೆ. ಫೀ ಕೊಡಲಾಗದವರ ಕೇಸು ನಡೆಸಲು ಸಮಿತಿ ಗೊತ್ತು ಮಾಡಿಕೊಂಡವರಿಗೆ ಪ್ಯಾನಲ್ ವಕೀಲರು ಎನ್ನುತ್ತಾರೆ. ಸಿಂದಗಿಗೂ ಬಸವನ ಬಾಗೇವಾಡಿಗೂ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡುತ್ತಿದ್ದ ಕಾಲ. ಜೀವನಾಂಶ, ವಿಧವಾ ಪಿಂಚಣಿ, ಪಡಿತರ ಚೀಟಿ, ನನ್ನ ಕೇಸುಗಳೆಲ್ಲ ಬದುಕಿರುವವರ ತಾಪತ್ರಯಗಳು. ಸತ್ತವರ ಪರವಾಗಿಯೂ ವಾದ ಮಾಡಬೇಕಾದೀತೆಂದು ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಕೋರ್ಟಿನ ಗೇಟಿನ ಎದುರು ಸಾಮಾನು ಸಾಗಿಸುವ ಒಂದು ಟಂಟಂ ಆಟೋ ಬಂದು ನಿಂತಿತು. ಅದರಿಂದಿಳಿದ ಪರಸಪ್ಪ ನನಗೆ ಹಳೆಯ ಪರಿಚಯ. ತಾಂಬಾ ಕಡೆಯ ಒಂದು ಊರಿನ ದಲಿತ ಕೇರಿಯವನು, ಪಂಚಾಯಿತಿ ಸದಸ್ಯ. ಊರಿನ ಹೆಸರು ಬರೆಯುವುದಿಲ್ಲ. ಈ ಕತೆಯ ಎರಡೂ ಕಡೆಯವರು ಇಂದಿಗೂ ಎದುರುಬದುರು ಬದುಕುತ್ತಿದ್ದಾರೆ.

"ಬಾಯಾರ, ನಮ್ಮವ್ವನ್ನ ಕರಕೊಂಡ ಬಂದೇನ್ರಿ" ಅಂದ.

ಪಿಂಚಣಿ ಕೆಲಸವಿರಬೇಕು ಅಂದುಕೊಂಡೆ. "ಬಿಸಲಾಗ ಯಾಕ ಕೂಡಿಸಿರಿ? ಒಳಗ ಕರಕೊಂಡ ಬರ್ರಿ" ಅಂದೆ.

"ಬರೂ ಹಂಗಿಲ್ರಿ. ತೀರಿಕೊಂಡಾಳ."

ಅವರ ಕೇರಿಯವರು ತಲೆಮಾರುಗಳಿಂದ ಹಳ್ಳದ ದಂಡೆಯಲ್ಲಿ ಹೂಳುತ್ತ ಬಂದವರು. ಸರ್ಕಾರಿ ದಾಖಲೆಯಲ್ಲಿ ಅದು ಖರಾಬು ಜಮೀನು, ಅಂದರೆ ಉಳುಮೆಗೆ ಬಾರದ್ದೆಂದು ಬಿಟ್ಟ ನೆಲ. ಸ್ಮಶಾನವೆಂದು ಎಲ್ಲಿಯೂ ಬರೆದಿರಲಿಲ್ಲ. ಆ ಬೇಸಿಗೆಯಲ್ಲಿ ಪಕ್ಕದ ಹೊಲದ ಮಾಲಕ ಜೆಸಿಬಿ ತಂದು ಗುರುತಿನ ಕಲ್ಲುಗಳನ್ನೆಲ್ಲ ಹಳ್ಳಕ್ಕೆ ತಳ್ಳಿ, ನೆಲ ಸಪಾಟು ಮಾಡಿ, ತಂತಿಬೇಲಿ ಹಾಕಿಬಿಟ್ಟಿದ್ದ. ಪರಸಪ್ಪನ ತಾಯಿಯ ಹೆಣ ಆ ಬೇಲಿಯ ತನಕ ಹೋಗಿ ತಿರುಗಿ ಬಂದಿತ್ತು. ಯಾರ್ಯಾರಿಗೋ ಫೋನು ಮಾಡಿ, ಸಂಜೆಯ ಹೊತ್ತಿಗೆ ಮುದುಕಿಯನ್ನು ಪಟ್ಟಣದ ಸ್ಮಶಾನದಲ್ಲಿ, ಗುರುತಿಲ್ಲದವರ ನಡುವೆ ಮಣ್ಣು ಮಾಡಿದೆವು. ಕೈ ತೊಳೆದುಕೊಳ್ಳುತ್ತ ಪರಸಪ್ಪ, "ಇವತ್ತ ಹೆಂಗರ ಆತ್ರಿ. ನಾಳೆ ಸಾಯಾವರು ಏನ ಮಾಡಬೇಕ್ರಿ?" ಎಂದು ಕೇಳಿದ.

ಪರಸಪ್ಪನ ಹೆಸರಿನಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದೆವು. ಇದು ನಮ್ಮ ಸ್ಮಶಾನ, ನಮಗೆ ಬಿಡಿಸಿಕೊಡಿ ಎಂಬುದೊಂದೇ ಬೇಡಿಕೆ. ಮಾಲಕನ ಉತ್ತರವೂ ಒಂದೇ ಸಾಲಿನದು: ಇಲ್ಲಿ ಯಾರನ್ನೂ ಯಾವತ್ತೂ ಹೂಳಿಲ್ಲ. ಕೋರ್ಟು ಒಬ್ಬ ಕಮಿಷನರ್ ನೇಮಿಸಿತು. ಕೋರ್ಟಿನ ಪರವಾಗಿ ಸ್ಥಳಕ್ಕೆ ಹೋಗಿ, ಕಂಡದ್ದನ್ನು ವರದಿ ಮಾಡುವುದು ಅವರ ಕೆಲಸ.

ತಪಾಸಣೆಯ ದಿನ ಅಲ್ಲಿ ತೊಗರಿ ಎದೆಮಟ್ಟ ನಿಂತಿತ್ತು. ಮಾಲಕನ ವಕೀಲರು ಮುಗುಳ್ನಗುತ್ತ, "ಒಂದ ಕುಣಿ ತೋರಸ್ರಿ ಬಾಯಾರ, ಒಂದ ಸಾಕು" ಅಂದರು. ಹೂಳುವ ಗುಂಡಿಗೆ ನಮ್ಮ ಕಡೆ ಕುಣಿ ಎನ್ನುತ್ತಾರೆ. ಕೇರಿಯ ಪ್ರತಿ ಮನೆಯವರದೂ ಯಾರಾದರೊಬ್ಬರು ಆ ಮಣ್ಣಿನಲ್ಲಿದ್ದರು. ಆದರೆ ಕಲ್ಲು ಹೋದ ಮೇಲೆ ಇಂಥಲ್ಲೇ ಎಂದು ಯಾರು ಹೇಳಬೇಕು? ಉಳಿದಿದ್ದ ಗುರುತು ಒಂದೇ, ಬನ್ನಿ ಗಿಡ. ದಸರೆಗೆ ಪೂಜೆಗೊಳ್ಳುವ ಗಿಡವೆಂದು ಜೆಸಿಬಿ ನಡೆಸುವವನು ಅದನ್ನು ಮುಟ್ಟಿರಲಿಲ್ಲ. ಅದರ ಬುಡದಲ್ಲಿ ಸಾಬವ್ವನ ಮಗಳಿದ್ದಾಳೆಂದು ಇಡೀ ಕೇರಿಗೆ ಗೊತ್ತಿತ್ತು. ಗಂಗೂ. ಶಾಲೆಗೆ ಹೆಸರು ಹಚ್ಚುವ ಮೊದಲೇ ಜ್ವರ ತಲೆಗೇರಿ ಹೋದ ಹುಡುಗಿ.

ಎಲ್ಲರೂ ಸಾಬವ್ವನ ಕಡೆ ನೋಡಿದರು, ನೋಡಿ ಬೇರೆ ಕಡೆ ತಿರುಗಿದರು. ಕೂಲಿ ಮಾಡಿ ಬದುಕುವ ಒಂಟಿ ಹೆಂಗಸು. ಆ ಮಗಳು ಬಿಟ್ಟರೆ ಬೇರೆ ಮಕ್ಕಳಾಗಿರಲಿಲ್ಲ. ನಾನೇ ಕೇಳಿದೆ.

"ತಗದ ನೋಡ್ತಾರ ಸಾಬವ್ವ, ಬರಕೋತಾರ, ಆಮ್ಯಾಲ ಅಲ್ಲೇ ಮುಚ್ಚತಾರ. ತಾಸಿನ ಕೆಲಸ."

ಅವಳು ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಸವರಿದಳು. "ನಿದ್ದಿಗಣ್ಣಾಗ ಎಬ್ಬಿಸಿದ್ರ ಆಕಿ ಭಾಳ ಅಳತಿದ್ಲ್ರಿ" ಅಂದಳು. ಆಮೇಲೆ ಎದ್ದು ಸರಿದು ನಿಂತು, "ತಗೀರಿ" ಅಂದಳು.

ಕುಣಿ ಆಳವಿರಲಿಲ್ಲ. ಕರಿಮಣ್ಣಿನಲ್ಲಿ ಸಣ್ಣ ಸಣ್ಣ ಎಲುಬು, ಹಾಲುಹಲ್ಲು, ಹಸಿರುಗಟ್ಟಿದ ಒಂದು ತಾಮ್ರದ ತಾಯ್ತ ಸಿಕ್ಕವು. ಜ್ವರ ಬಂದಾಗ ಹೊರ್ತಿಯ ಗುಡಿಗೆ ಹೋಗಿ ಕಟ್ಟಿಸಿಕೊಂಡು ಬಂದ ತಾಯ್ತವೆಂದು ಸಾಬವ್ವ ಗುರುತಿಸಿದಳು. ಅಷ್ಟಕ್ಕೆ ಮುಗಿಯಬೇಕಿತ್ತು. ಮಾಲಕನ ವಕೀಲರು ಬಿಡಲಿಲ್ಲ. ಇದು ಕುರಿಮರಿಯ ಎಲುಬಲ್ಲ ಅನ್ನುವುದಕ್ಕೆ ಏನು ಆಧಾರ, ಪ್ರಯೋಗಾಲಯಕ್ಕೆ ಹೋಗಲಿ ಎಂದರು. ಕಮಿಷನರ್ ಸಾಹೇಬರು ಒಪ್ಪಿದರು. ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ನಂಬರು ಬರೆದರು. ಗಂಗೂ ಮುದ್ದೆಮಾಲಾದಳು. ಕೇಸಿನ ಸಾಕ್ಷ್ಯವೆಂದು ಜಪ್ತಿಯಾದ ವಸ್ತುವಿಗೆ ನಮ್ಮಲ್ಲಿ ಇರುವ ಹೆಸರು ಅದು. ರಕ್ತ ಹತ್ತಿದ ಕೊಡಲಿ, ಕಳ್ಳಭಟ್ಟಿಯ ಕ್ಯಾನು, ಕದ್ದ ಪಂಪ್‌ಸೆಟ್ಟು ಎಲ್ಲವೂ ಮುದ್ದೆಮಾಲೇ.

ನಾನು ಆಕ್ಷೇಪಣೆ ಎತ್ತಬಹುದಿತ್ತು. ಎತ್ತಿದ್ದರೆ ವರದಿಯಲ್ಲಿ "ಆಧಾರವಿಲ್ಲ" ಎಂದು ಬರುತ್ತಿತ್ತು, ಕೇಸು ಅಲ್ಲಿಗೇ ಮಣ್ಣುಪಾಲು. ಎತ್ತಲಿಲ್ಲ. ಜೀಪು ಹೊರಟಾಗ ಸಾಬವ್ವ ನನ್ನ ಕೋಟಿನ ತೋಳು ಹಿಡಿದು ಕೇಳಿದಳು. "ತಿರುಗಿ ಯಾವಾಗ ಕಳಸ್ತಾರ್ರಿ?"

ಎಲುಬು ಮನುಷ್ಯರ ಮಗುವಿನದೆಂದು ವರದಿ ಬಂತು. ನಾವು ಗೆದ್ದೆವು. ಖರಾಬನ್ನು ಅಳೆದು, ಕಲ್ಲು ನೆಟ್ಟು, ಸ್ಮಶಾನವೆಂದು ದಾಖಲಿಸಿದರು. ಪರಸಪ್ಪ ಪೇಡೆ ತಂದು ಬಾರ್ ರೂಮಿನಲ್ಲೆಲ್ಲ ಹಂಚಿದ. ಮಾಲಕ ಹೈಕೋರ್ಟಿನ ದೊಡ್ಡ ಪೀಠಕ್ಕೆ ಮೇಲ್ಮನವಿ ಹಾಕಿದ. ತಡೆಯಾಜ್ಞೆ ಸಿಗಲಿಲ್ಲವಾದ್ದರಿಂದ ಹೂಳುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಮೇಲ್ಮನವಿ ಮುಗಿಯುವ ತನಕ ಸಾಕ್ಷ್ಯವನ್ನು ಕಾಪಾಡಬೇಕು. ಊರಿನ ಹೆಣಗಳಿಗೆಲ್ಲ ಜಾಗ ಸಿಕ್ಕಿತು. ಜಾಗ ಕೊಡಿಸಿದವಳು ಒಂದು ಕಚೇರಿಯ ಕಪಾಟಿನಲ್ಲಿ ಉಳಿದಳು.

ಬನ್ನಿ ಬುಡದ ಕುಣಿಯನ್ನು ಮುಚ್ಚಲು ಸಾಬವ್ವ ಬಿಡಲಿಲ್ಲ. ಮಗಳು ತಿರುಗಿ ಬರುತ್ತಾಳಲ್ಲ, ಮುಚ್ಚುವುದು ಏಕೆ ಎಂಬುದು ಅವಳ ಲೆಕ್ಕ. ಕೇರಿಯವರ ನಂಬಿಕೆ ಬೇರೆ. ತೋಡಿದ ಕುಣಿ ಖಾಲಿ ಬಿಡಬಾರದು, ಬಿಟ್ಟರೆ ಅದು ಇನ್ನೊಬ್ಬರನ್ನು ಕರೆಯುತ್ತದೆ. ಆ ವರ್ಷ ಒಬ್ಬ ಮುದುಕ ಹೋದ. ಬೈಕಿನಿಂದ ಬಿದ್ದು ಒಬ್ಬ ಹರೆಯದವನು ಹೋದ. ಎರಡಕ್ಕೂ ಕಾರಣ ಆ ಕುಣಿ ಎಂದಾಯಿತು. ನಳದ ಹತ್ತಿರ ಹೆಂಗಸರು ಸಾಬವ್ವನ ಕೂಡ ಮಾತು ಬಿಟ್ಟರು. ಅವಳು ಬಂದರೆ ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

ಪರಸಪ್ಪ ನನ್ನ ಬಳಿ ಬಂದ. "ನೀವರ ತಿಳಿಸಿ ಹೇಳ್ರಿ ಆಕಿಗಿ. ಕುಣಿ ಬಾಯಿ ತಕ್ಕೊಂಡ ಕುಂತದ. ಮನ್ಯಾಗ ಸೊಸಿ ಬಸರದಾಳ, ನನಗ ಅಂಜಿಕಿ ಬರಾಕತ್ತೈತಿ."

"ನಾಚಿಕಿ ಆಗಬೇಕ ನಿಮಗ. ನಿಮ್ಮ ಸ್ಮಶಾನ ಹುಟ್ಟಿದ್ದ ಆ ಕುಣ್ಯಾಗಿಂದ" ಅಂದೆ. ಅವನು ಟೋಪಿ ತಿರುವುತ್ತ ಕೂತ.

ಎಲುಬು ಮರಳಿಸುವಂತೆ ಅರ್ಜಿ ಹಾಕಿದ್ದೆ. ಅದಕ್ಕೆ ತಕರಾರು, ತಕರಾರಿಗೆ ಉತ್ತರ, ಮುಂದೂಡಿಕೆ. ಸಾಬವ್ವ ಸಂತೆಯ ದಿನ ನನ್ನ ಆಫೀಸಿನ ಬಾಗಿಲಲ್ಲಿ ನಿಂತು, "ನಮ್ಮ ಗಂಗೂನ ತಾರೀಖ ಯಾವಾಗೈತ್ರಿ?" ಎಂದು ಕೇಳುತ್ತಿದ್ದಳು. ಹೇಳಿದರೆ ತಲೆಯಾಡಿಸಿ ಹೋಗುತ್ತಿದ್ದಳು. ಒಮ್ಮೆಯಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕಡೆಗೆ ಮೇಲ್ಮನವಿ ವಜಾ ಆಯಿತು, ಮರಳಿಸಲು ಆದೇಶವೂ ಬಂತು. ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು, ಈಕೆಯೇ ತಾಯಿ ಅನ್ನುವುದಕ್ಕೆ ದಾಖಲೆ ತನ್ನಿ ಎಂದರು. ಶಾಲೆಯ ಮುಖವನ್ನೇ ಕಾಣದ ಮಗುವಿಗೆ ಎಲ್ಲಿಯ ದಾಖಲೆ?

"ಹಡದದ್ದಕ್ಕ ಕಾಗದ ಕೇಳ್ತಾರೇನ್ರಿ?" ಸಾಬವ್ವ ನನ್ನನ್ನೇ ಕೇಳಿದಳು.

ಪ್ರಮಾಣಪತ್ರ ಮಾಡಿಸಿದೆ. ಕೊನೆಗೆ ಒಂದು ರಸೀದಿ ಮುಂದಿಟ್ಟರು: "ಮುದ್ದೆಮಾಲನ್ನು ಸುಸ್ಥಿತಿಯಲ್ಲಿ ಮರಳಿ ಪಡೆದಿರುತ್ತೇನೆ." ಹೆಬ್ಬೆಟ್ಟು ಒತ್ತುವ ಮುಂಚೆ ಅವಳು ಏನು ಬರೆದಿದೆ ಎಂದಳು. "ಗಂಗೂನ ಕೊಟ್ಟಾರಂತ ಬರದೈತಿ" ಅಂದೆ.

ದಾರಿಯುದ್ದಕ್ಕೂ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಬಿಸಿಲು ಬೀಳದಂತೆ ಸೆರಗು ಮರೆ ಮಾಡಿ ಕೂತಿದ್ದಳು. ಸ್ಮಶಾನದ ಹತ್ತಿರ ಟಂಟಂ ಇಳಿದಾಗ ಪರಸಪ್ಪ ಗಿಡದ ಕೆಳಗೆ ನಿಂತಿದ್ದ. ಅವನ ಕಾಲ ಬುಡದಲ್ಲಿ ಕುಣಿ ಇರಲಿಲ್ಲ. ಹಸಿಮಣ್ಣಿನ ಸಣ್ಣ ದಿಬ್ಬವಿತ್ತು.

ಹಿಂದಿನ ವಾರ ಅವನ ಸೊಸೆ ಹೆತ್ತ ಕೂಸು ಹೋಗಿತ್ತು. ಕುಣಿ ಕರೆದದ್ದೇ ಈ ಕೂಸನ್ನು, ಇದನ್ನಾದರೂ ಅದರಲ್ಲಿ ಹಾಕಿ ಬಾಯಿ ಮುಚ್ಚಿಸಿ ಎಂದು ಹಿರಿಯರು ಹಟ ಹಿಡಿದರಂತೆ. ಅವನು ಬೇಡವೆನ್ನಲಿಲ್ಲ. ನಾನು ಕೂಗಾಡಿದೆ. ನೀನು ಅರ್ಜಿದಾರ, ನಿನ್ನ ಹೆಸರಿನಲ್ಲಿ ಈ ಕೇಸು ನಡೆಯಿತು ಎಂದೆಲ್ಲ ಅಂದೆ. ಅವನು ಅಳುತ್ತಿದ್ದದ್ದು ನನಗೆ ಆಮೇಲೆ ಕಾಣಿಸಿತು.

ಸಾಬವ್ವ ದಿಬ್ಬದ ಹತ್ತಿರ ಹೋದಳು. "ಗಂಡೋ ಹೆಣ್ಣೋ?" ಅಂದಳು.

"ಗಂಡುಕೂಸವ್ವಾ. ಹೆಸರೂ ಇಟ್ಟಿದ್ದಿಲ್ಲ."

"ಭಾಳ ಸಣ್ಣದು. ಒಂದ ಇದ್ರ ಅಂಜತದ" ಅಂದಳು. "ಅಳಬ್ಯಾಡ. ಬಾಜೂಕ ತೋಡು. ನಮ್ಮಾಕಿ ನೋಡಕೋತಾಳ."

ಪರಸಪ್ಪ ಸಲಿಕೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ತೋಡಿದ.

ಆಮೇಲೆ ಮುದ್ದೇಬಿಹಾಳದ ಕಡೆಯೂ ಇಂಥ ಕೇಸು ನಡೆಸಿದ್ದೇನೆ. ಅರ್ಜಿಯ ಬೇಡಿಕೆಗಳಲ್ಲಿ ಈಗ ಒಂದು ಸಾಲು ಕಡ್ಡಾಯವಾಗಿ ಸೇರಿಸುತ್ತೇನೆ: ಸಾಕ್ಷ್ಯಕ್ಕೆಂದು ಏನನ್ನು ತೆಗೆದರೂ ಪರೀಕ್ಷೆ ಮುಗಿದೊಡನೆ, ಮೇಲ್ಮನವಿಗೆ ಕಾಯದೆ, ಅದರ ಜಾಗಕ್ಕೆ ಮರಳಿಸತಕ್ಕದ್ದು. ಇದೇಕೆ ಬೇಕು ಎಂದು ನ್ಯಾಯಮೂರ್ತಿಗಳು ಕೇಳಿದ್ದುಂಟು. ಅನುಭವದಿಂದ ಕಲಿತದ್ದು ಎಂದಷ್ಟೇ ಹೇಳುತ್ತೇನೆ. ಬೇರೆಯವರು ಕೊಡುವುದನ್ನು ಕೈಯೊಡ್ಡಿ ಪಡೆದೇ ನಾವು ಕೇಸು ಗೆಲ್ಲುವುದು. ಅದನ್ನು ತಿರುಗಿ ಮುಟ್ಟಿಸುವ ತನಕ ಗೆದ್ದೆವೆನ್ನಬಾರದು ಎಂಬುದು ಈ ಕಸುಬು ನನಗೆ ಕಲಿಸಿದ ಪಾಠ. ಯಾರನ್ನು ಏನು ಕೇಳುವಾಗಲೂ "ತಾಸಿನ ಕೆಲಸ" ಎಂಬ ಮಾತು ಈಗ ನನ್ನ ಬಾಯಿಂದ ಬರುವುದಿಲ್ಲ.