ಇಟ್ಟಿಗೆ, ಎಕ್ಕದ ಎಲೆ ಮತ್ತು ಚಿಕ್ಕಪ್ಪನ ಎಡಗಾಲು

ಇಪ್ಪತ್ತನೇ ವಯಸ್ಸಿನಲ್ಲಿ ನಾನು ಡಾಕ್ಟರಾಗಿದ್ದೆ. ಓದಿದ್ದು ಪಿಯುಸಿ, ಅದೂ ಕಾಮರ್ಸ್. ವೈದ್ಯ ಕಲಿತದ್ದು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಮನೆಮದ್ದಿನ ಪುಸ್ತಕದಿಂದ. ಅದರಲ್ಲಿ ಎರಡು ಹಾಳೆ ಹರಿದುಹೋಗಿತ್ತು. ಆ ಹಾಳೆಗಳಲ್ಲಿದ್ದಿರಬಹುದಾದ ಕಾಯಿಲೆಗಳಿಗೂ ನಾನು ಔಷಧಿ ಹೇಳುತ್ತಿದ್ದೆ. ಕುದೂರಿನ ನಮ್ಮ ಬೀದಿಯಲ್ಲಿ ಜನ ನನ್ನೆದುರು ಕೆಮ್ಮುವುದನ್ನೇ ಬಿಟ್ಟಿದ್ದರು.

ಅಂಥ ಹೊತ್ತಿನಲ್ಲಿ ನನ್ನ ಚಿಕ್ಕಪ್ಪ ಮಿಲಿಟರಿಯಿಂದ ರಿಟೈರ್ ಆಗಿ, ಚಿಕ್ಕಮ್ಮ ಇದ್ದ ನಮ್ಮ ಪಕ್ಕದ ಮನೆಗೆ ಬಂದರು. ಹಿಮದ ಗಡಿಯಲ್ಲಿ ಕಾವಲಿದ್ದಾಗ ಚಳಿಗೆ ಸತ್ತುಹೋದ ಎರಡು ಬೆರಳನ್ನು ಅವರ ಎಡಗಾಲಿನಿಂದ ಕತ್ತರಿಸಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಉಳಿದ ಕಾಲು ಸರಿಯಾಗಿದೆ ಎಂದು ಚಿಕ್ಕಮ್ಮನಿಗೆ ಹೇಳಿದ್ದರು, ಅವರು ನಂಬಿದ್ದರು. ನಾನು ಮಾತ್ರ ನಂಬಲಿಲ್ಲ. ಚಿಕ್ಕಪ್ಪ ಸಿಮೆಂಟ್ ನೆಲದ ಮೇಲೂ ಕೆಸರುಗದ್ದೆಯಲ್ಲಿ ನಡೆಯುವವರಂತೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದರು.

ಆಗ ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದವು, ಗೇಟಿಗೆಲ್ಲ ಮಾಜಿ ಸೈನಿಕರೇ ಬೇಕಿತ್ತು. ಚಿಕ್ಕಪ್ಪನಿಗೂ ಕರೆ ಬಂತು. ಸೋಮವಾರ ಹೋಗಿ ಸೆಕ್ಯೂರಿಟಿ ಆಫೀಸರ್ ಎದುರು ಬೂಟು ಹಾಕಿಕೊಂಡು ನಿಂತು, ನಡೆದು ತೋರಿಸಬೇಕು. ಚಿಕ್ಕಮ್ಮ ಮೂರು ದಿನ ಮೊದಲೇ ಪ್ಯಾಂಟು ಇಸ್ತ್ರಿ ಮಾಡಿಟ್ಟರು. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ಗಂಡ ಇನ್ನು ದಿನಾ ಸಂಜೆ ಮನೆಗೆ ಬರುತ್ತಾರೆ ಎನ್ನುವುದೇ ಅವರಿಗೆ ದೊಡ್ಡ ವಿಷಯ.

ಭಾನುವಾರ ಬೆಳಿಗ್ಗೆ ನಾನು ಪುಸ್ತಕ ಹಿಡಿದು ಹೋದೆ.

"ಚಿಕ್ಕಪ್ಪ, ನಿಂದು ಹಿಮ್ಮಡಿ ನರದ ತೊಂದ್ರೆ. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಕಿ ಕಾಲಿಟ್ರೆ ನಾಳೆ ಓಡ್ತೀಯ."

ಚಿಕ್ಕಪ್ಪ ನಕ್ಕರು. "ಲೇ, ನಿನ್ ಹತ್ರ ತೋರಿಸ್ಕಳಕ್ಕೆ ಅಷ್ಟು ದೂರದಿಂದ ಬದುಕ್ಕಂಡ್ ಬಂದ್ನೇನ್ಲಾ?"

"ಮಾಡುಸ್ಕಳಿ, ಹುಡುಗ ಆಸೆಯಿಂದ ಬಂದವ್ನೆ" ಎಂದರು ಚಿಕ್ಕಮ್ಮ ಒಳಗಿನಿಂದ.

ಒಲೆಯಲ್ಲಿ ಇಟ್ಟಿಗೆ ಕಾಯಿಸಿ ತಂದೆ. ಎಲೆ ಹಾಸಿ ಅವರ ಹಿಮ್ಮಡಿಯನ್ನು ಇಡಿಸಿದೆ.

"ಬಿಸಿ ಐತಾ?"

ಅವರು ಅಡುಗೆಮನೆ ಕಡೆ ನೋಡಿದರು. "ಐತೆ. ಹಿತವಾಗೈತೆ."

"ತಡ್ಕಳಕ್ಕಾಗುತ್ತಾ?"

"ಇದೇನ್ ಮಹಾ ಕಣ್ಲಾ."

ನನಗೆ ರೋಮಾಂಚನ. ಬೇರೆಯವರಾಗಿದ್ದರೆ ಎರಡು ಕ್ಷಣಕ್ಕೆ ಕಾಲೆತ್ತುತ್ತಿದ್ದರು, ಇವರು ಪೇಪರ್ ಓದುತ್ತಿದ್ದಾರೆ. ಸೈನಿಕನ ದೇಹ ಎಂದರೆ ಇದು ಎಂದುಕೊಂಡು ಇಟ್ಟಿಗೆಯನ್ನು ಇನ್ನೂ ಕಾಯಿಸಿ ತಂದೆ. "ರೋಗಿಯ ಸಹಕಾರ ಅತ್ಯುತ್ತಮ" ಎಂದು ನೋಟ್‌ಬುಕ್ಕಿನಲ್ಲೂ ಬರೆದೆ.

ಚಿಕ್ಕಮ್ಮ ಮೂಗು ಅರಳಿಸಿಕೊಂಡು ಹೊರಗೆ ಬಂದರು. "ಏನ್ಲಾ ಅದು ಸೀದ ವಾಸ್ನೆ?"

"ಎಲೆ ಚಿಕ್ಕಮ್ಮ" ಎಂದೆ.

ಎಲೆ ಮಾತ್ರ ಆಗಿರಲಿಲ್ಲ. ಕಾಲೆತ್ತಿಸಿ ನೋಡಿದರೆ ಹಿಮ್ಮಡಿಯ ಚರ್ಮ ಬೆಳ್ಳಗೆ ಬೊಬ್ಬೆಯೆದ್ದು ಒಂದು ಕಡೆ ಸುಲಿದಿತ್ತು. ಚಿಕ್ಕಪ್ಪ ಅದನ್ನು ಬೇರೆ ಯಾರದೋ ಕಾಲು ನೋಡುವ ಹಾಗೆ ಬಗ್ಗಿ ನೋಡಿದರು.

"ನಿಮಗೆ ಗೊತ್ತಾಗ್ನಿಲ್ವಾ?" ಚಿಕ್ಕಮ್ಮ ಕೇಳಿದರು.

ಚಿಕ್ಕಪ್ಪ ಪೇಪರ್ ಮಡಚಿದರು. "ಗೊತ್ತಾಗಲ್ಲ ಕಣೆ. ಬೆರಳು ತೆಗೆದಾಗ್ನಿಂದ ಗೊತ್ತಾಗಲ್ಲ. ಒಂದ್ಸಲ ಬೂಟಲ್ಲಿ ಮೊಳೆ ಚುಚ್ಚಿತ್ತು, ಸಂಜೆ ರಕ್ತ ನೋಡ್ದ ಮೇಲೆ ತಿಳೀತು. ನಿನಗ್ಯಾಕೆ ಯೋಚ್ನೆ ಅಂತ ಹೇಳ್ನಿಲ್ಲ."

ಚಿಕ್ಕಮ್ಮ ತಣ್ಣೀರು ತಂದು ಕಾಲಿಗೆ ಹುಯ್ಯತೊಡಗಿದರು. ನಾನು ಇಟ್ಟಿಗೆ ಹಿಡಿದು ನಿಂತಿದ್ದೆ. ಬಟ್ಟೆ ಸುತ್ತಿ ಹಿಡಿದಿದ್ದರೂ ನನ್ನ ಕೈ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ನಿಜವಾದ ಡಾಕ್ಟರು "ಯಾವ ಬುದ್ಧಿವಂತ ಮಾಡಿದ್ದು?" ಎಂದು ಕೇಳಿದರು. ನಾನು ಗೋಡೆಯ ಮೇಲಿದ್ದ ಪೋಲಿಯೊ ಪೋಸ್ಟರನ್ನು ಗಮನವಿಟ್ಟು ಓದಿದೆ. ಹಿಮ ಹೊಡೆದ ಕಾಲಿನ ನರ ಹೀಗೆ ಸತ್ತಿರಬಹುದು, ಗಾಯ ಮಾಯುವುದೂ ನಿಧಾನ ಎಂದರು.

ಸೋಮವಾರ ಬ್ಯಾಂಡೇಜಿನ ಕಾಲು ಬೂಟಿನಲ್ಲಿ ಹಿಡಿಸಲಿಲ್ಲ. ಗಾಯ ಮಾಯಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಆ ಗೇಟಿಗೆ ಬೇರೆಯವರು ಬಂದಿದ್ದರು.

"ಹಿಮ ಎರಡು ಬೆರಳು ತಗೊಳ್ತು. ಇವ್ನು ನೌಕರಿನೇ ತಗೊಂಡ" ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಚಿಕ್ಕಮ್ಮ ನಗುತ್ತಿರಲಿಲ್ಲ. "ಸುಟ್ಟೋನೇ ನೋಡ್ಕಬೇಕು" ಎಂದು ದಿನಾ ಡ್ರೆಸ್ಸಿಂಗ್ ಮಾಡುವ ಕೆಲಸವನ್ನು ನನಗೇ ವಹಿಸಿದರು. ಪುಸ್ತಕವನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದರು.

ಮುಂದಿನ ವರ್ಷ ಇನ್ನೊಂದು ಕಾರ್ಖಾನೆಯವರು ಲಾರಿಗಳ ತೂಕ ಬರೆದುಕೊಳ್ಳಲು ಜನ ಬೇಕೆಂದರು. ಕೂತು ಮಾಡುವ ಕೆಲಸ. ಚಿಕ್ಕಪ್ಪ ಈ ಸಲ ಕಾಲಿನ ವಿಷಯ ಮೊದಲೇ ಹೇಳಿದರು, ಆದರೂ ಕಾರ್ಖಾನೆಯವರು ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಮೊದಲ ದಿನ ಹೊರಡುವಾಗ ಚಿಕ್ಕಮ್ಮನ ಎದುರೇ ಎಡಗಾಲಿನ ಬೂಟನ್ನು ನನ್ನ ಕೈಗೆ ಕೊಟ್ಟರು.

"ನೋಡ್ಲಾ ಡಾಕ್ಟ್ರೇ, ಒಳಗೆ ಏನಾರ ಐತಾ?"

ಕೈ ಹಾಕಿ ತುದಿತನಕ ತಡಕಿದೆ. ಏನೂ ಇರಲಿಲ್ಲ. ಚಿಕ್ಕಮ್ಮ ಅದನ್ನು ನನ್ನಿಂದ ತೆಗೆದುಕೊಂಡು ತಾವೂ ಒಂದು ಸಲ ಕೈ ಹಾಕಿ ನೋಡಿದರು.