ಒಂಬತ್ತು ಗಜದ ಉಡಿ

ಮರಾಠಿ ಸೀಮೆಯ ಬಿಬ್ವೇವಾಡಿಯಲ್ಲಿದ್ದ ಆ ಎರಡು ಕೋಣೆಯ ಕೋಟೆಗೆ ಗೂಳಪ್ಪನೇ ದೊರೆ, ಗೂಳಪ್ಪನೇ ದಳಪತಿ, ಪಾತ್ರೆ ತಿಕ್ಕುವವನೂ ಗೂಳಪ್ಪನೇ. ಒಳಕೋಣೆಯಲ್ಲಿ ಹೆಂಡತಿ ರೇಣು ಇದ್ದಳು. ರಕ್ತದ ಕ್ಯಾನ್ಸರಿಗೆ ತಮ್ಮನ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಹೊಸ ಮಜ್ಜೆ ಇನ್ನೂ ಎಳೆಗೂಸು. ಹೊರಗೆ ಕೊರೊನಾದ ಎರಡನೆಯ ಅಲೆ. "ಸೋಂಕು ತಗಲಿದರೆ ನಮ್ಮ ಕೈಯಲ್ಲಿಲ್ಲ" ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಮಾರ್ಕೆಟ್ ಯಾರ್ಡಿನ ಆಲೂಗಡ್ಡೆ ಅಡತಿ ಅಂಗಡಿಯ ಗುಮಾಸ್ತ ಗೂಳಪ್ಪ ರಜೆ ಹಾಕಿ ಯುದ್ಧಕ್ಕಿಳಿದ. ಹಾಲಿನ ಪಾಕೀಟಿಗೆ ಸಾಬೂನಿನ ಅಭಿಷೇಕ, ಚಿಲಕಕ್ಕೆ ಸ್ಯಾನಿಟೈಸರ್ ಪ್ರೋಕ್ಷಣೆ. ಕುದಿಯದ ಯಾವ ಪದಾರ್ಥಕ್ಕೂ ಒಳಕೋಣೆಗೆ ಪ್ರವೇಶವಿಲ್ಲ. ಅಂಗೈ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಕುದುರೆಗಳಿಗಷ್ಟೇ ಗೊತ್ತಿರುವ, ನಿಂತಲ್ಲೇ ನಿದ್ದೆ ಹೋಗುವ ವಿದ್ಯೆ ಅವನಿಗೂ ಒಲಿದಿತ್ತು.

ಇಂಥ ಸೇನಾನಿ ಸೋತದ್ದು ಫೋನಿನಲ್ಲಿ. ಗೋಕಾಕದ ಅಕ್ಕ ಭೀಮವ್ವ "ಒಮ್ಮೆ ನೋಡ್ಕೊಂಡ್ ಹೋಗ್ತೀನಿ" ಎಂದಾಗ, "ಬ್ಯಾಡಕ್ಕಾ, ಸುಮ್ನ ಯಾಕ ತ್ರಾಸ ತಗೋತಿ" ಎಂದುಬಿಟ್ಟ. ನಮ್ಮ ಕಡೆ ಇದರ ಅರ್ಥ ಕೂಸಿಗೂ ಗೊತ್ತು: ಬಾ, ಬುತ್ತಿ ಸ್ವಲ್ಪ ಹೆಚ್ಚಿಗೇ ಕಟ್ಟಿಕೊಂಡು ಬಾ. ಆ ವಾರವೇ ಭೀಮವ್ವ ತರಕಾರಿ ಲಾರಿಯಲ್ಲಿ ಡ್ರೈವರನ ಪಕ್ಕ ಕುಳಿತು ಬಂದು, ಮಾಸ್ಕನ್ನು ಗದ್ದಕ್ಕೆ ಆಭರಣವಾಗಿ ತೊಟ್ಟು, ಮೆಟ್ಟಿಲ ತಿರುವಿನಲ್ಲಿ ಪ್ರತ್ಯಕ್ಷಳಾದಳು.

"ಅಲ್ಲೇ ನಿಲ್ಲಕ್ಕಾ! ಮ್ಯಾಲ ಬರಬ್ಯಾಡ."

"ಏ ಗೂಳ್ಯಾ, ನಿನ್ನ ಕುಂಡಿ ತೊಳದು ಬೆಳಸಿದಾಕಿ ನಾ. ನನಗ ಮೈಲಿಗಿ ಹೇಳ್ತಿಯೇನ?"

ಎದುರು ಮನೆಯ ರಂಗೂಬಾಯಿ ಬಾಗಿಲು ತೆರೆದು, ಅಕ್ಕನನ್ನು ಹೀಗೆ ಹೊರಗೆ ನಿಲ್ಲಿಸುತ್ತಾರೆಯೇ ಎಂದು ಮರಾಠಿಯಲ್ಲೊಂದು ಬಾಣ ಬಿಟ್ಟು ಮತ್ತೆ ಮುಚ್ಚಿಕೊಂಡಳು.

"ಬ್ಯಾನಿ ಗೆದ್ದು ಬಂದಾಕಿಗೆ ಉಡಿ ತುಂಬಬೇಕು," ಎಂದಳು ಭೀಮವ್ವ. "ತುಂಬಿ ಹೊಂಟಬಿಡ್ತೀನಿ. ನಿನ್ನ ಚಹಾನೂ ಬ್ಯಾಡ."

ಚಹಾ ಬೇಡವೆಂದಳೆಂದರೆ ಸಿಟ್ಟು ನೆತ್ತಿಗೇರಿತ್ತೆಂದೇ ಅರ್ಥ. ಸುತ್ತುಬಳಸಿ ಹೇಳುವ ತ್ರಾಣ ಗೂಳಪ್ಪನಲ್ಲಿ ಉಳಿದಿರಲಿಲ್ಲ.

"ನೀ ಒಳಗ ಬಂದ್ರ ಅಕಿ ಸಾಯ್ಬಹುದಕ್ಕಾ."

ಭೀಮವ್ವ ಮಾಸ್ಕನ್ನು ಮೂಗಿಗೇರಿಸಿ ಮೆಟ್ಟಿಲ ಮೇಲೆ ಕುಸಿದಳು. ಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಪ್ಪಸದ ಖಣ. ಉಡಿಗೆಂದು ತಂದದ್ದನ್ನು ತಿರುಗಿ ಒಯ್ಯುವಂತಿಲ್ಲ. ಒಳಗೆ ಕೊಂಡೊಯ್ಯುವಂತೆಯೂ ಇಲ್ಲ.

ಆಗ ಒಳಕೋಣೆಯಿಂದ ಒಂದು ಗಂಟು ಹಾರಿ ಬಂತು. ರೇಣುವಿನ ಒಂಬತ್ತು ಗಜದ ಇಳಕಲ್ ಸೀರೆ.

"ಏನ್ರೀ, ಸೆರಗು ಅಕ್ಕಾರಿಗೆ ಮುಟ್ಟಸ್ರಿ. ಈ ತುದಿ ನನ್ನ ಕೈಯಾಗ ಅದ."

ಗೂಳಪ್ಪ ಬಟ್ಟೆ ಒಣಹಾಕುವ ಕೋಲನ್ನು ಭಲ್ಲೆಯಂತೆ ಹಿಡಿದು, ಅದರ ತುದಿಗೆ ಸೆರಗು ಸಿಕ್ಕಿಸಿ ಕೆಳಗೆ ಚಾಚಿದ. ಇತ್ತ ರೇಣುವಿನ ಬೋಳುತಲೆ, ಎರಡು ಮಾಸ್ಕು, ಅತ್ತ ಅಕ್ಕ, ನಡುವೆ ಹೊರಕೋಣೆ, ಹೊಸ್ತಿಲು, ನಾಲ್ಕೈದು ಮೆಟ್ಟಿಲು. ಭೀಮವ್ವ ಸೆರಗು ಹರವಿಕೊಂಡು ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿ, ಕಾಯಿ ಇಟ್ಟು ಗಂಟು ಕಟ್ಟಿದಳು. ಆ ತುದಿಯಲ್ಲಿ ಗಂಟು ಬಿದ್ದಾಗ ಈ ತುದಿಯಲ್ಲಿ ರೇಣು ತಲೆ ಬಾಗಿಸಿದಳು.

"ಬ್ಯಾಡ ಅನ್ನೂದಿದ್ರ ಇನ್ನ ಮ್ಯಾಲ ಬೈದು ಹೇಳೋ ಹುಚ್ಚಪ್ಪಾ," ಎನ್ನುತ್ತ ಭೀಮವ್ವ ಕಣ್ಣೊರೆಸಿಕೊಂಡು ಲಾರಿಯತ್ತ ಇಳಿದಳು.

ಅಕ್ಕಿ ಕುಕ್ಕರಿಗೆ ಹೋಯಿತು, ಕಾಯಿಗೆ ಸ್ನಾನವಾಯಿತು. ಉಳಿದದ್ದು ಸೀರೆ: ಕುದಿನೀರಿನಲ್ಲಿ ಎಷ್ಟು ತಿಕ್ಕಿದರೂ ಮುಗಿಯದ ಒಂಬತ್ತು ಗಜ. ಬಚ್ಚಲಲ್ಲಿ ಕುಳಿತ ದಳಪತಿಯ ಕಣ್ಣು ಮುಚ್ಚುವ ಹೊತ್ತಿಗೆ ಫೋನು ಬಂತು. ರೇಣುವಿನ ಸೋದರಮಾವ ಹೊರಟು ನಿಂತಿದ್ದರಂತೆ.

"ಬರಬ್ಯಾಡ್ರಿ ಮಾಮಾ," ಎಂದ ಗೂಳಪ್ಪ. ಆಮೇಲೆ ಉಸಿರು ತೆಗೆದುಕೊಂಡು, "ಹಂಗಲ್ರೀ. ಖರೇನ ಬರಬ್ಯಾಡ್ರಿ."