ಸ್ಕ್ಯಾನರ್ ಗಾಜಿನ ಮೇಲೊಂದು ಬಿಳಿ ಚುಕ್ಕೆ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಹುಲ್ಲಹಳ್ಳಿಯಿಂದ ನಂಜನಗೂಡಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಎಲೆಕ್ಟ್ರಾನಿಕ್ಸ್ ಓದಿದವಳು. ಸಿಕ್ಕಿದ್ದು ಬ್ಯಾಂಕುಗಳ ಚೆಕ್ ಸ್ಕ್ಯಾನರ್ ನೋಡಿಕೊಳ್ಳುವ ಕೆಲಸ. ಈಗ ಚೆಕ್ಕಿನ ಕಾಗದ ಊರೂರು ಸುತ್ತುವುದಿಲ್ಲ, ಅದರ ಫೋಟೋ ಹೋಗುತ್ತದೆ. ಫೋಟೋ ಕೆಟ್ಟರೆ ಚೆಕ್ಕು ವಾಪಸ್.

ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಕಾಯಂ ಆಗಲು ಆರು ತಿಂಗಳು ಕಾಯಬೇಕಿತ್ತು. ಐದನೇ ತಿಂಗಳಲ್ಲಿ ನರಸೀಪುರದ ಒಂದು ಶಾಖೆಯ ಸ್ಕ್ಯಾನರ್ ಕಾಡತೊಡಗಿತು. ಪ್ರತಿ ಫೋಟೋದಲ್ಲೂ ಉದ್ದಕ್ಕೊಂದು ಬಿಳಿ ಗೆರೆ. ಗಾಜು ಒರೆಸಿದರೆ ಗೆರೆ ಮಾಯ. ಸಹಿ ಹಾಕಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ನಾಲ್ಕು ದಿನಕ್ಕೆ ಮತ್ತೆ ದೂರು. ಮೂರನೆಯದು ಬಂದಾಗ ನಮ್ಮ ಕಂಪನಿಯ ಮೈಸೂರು ಆಫೀಸಿನವರು, ಇನ್ನೊಂದು ಬಂದರೆ ಕಾಯಂ ಆಗುವ ಮಾತು ಮರೆತುಬಿಡಿ ಎಂದರು.

ಶಾಖೆಯ ಅಟೆಂಡರ್ ವಯಸ್ಸಾದವರು, ಇನ್ನೂ ದಿನಗೂಲಿಯವರು. ನನ್ನನ್ನು ಕಂಡವರೇ, "ಮೂರ್ನೇ ದಪ ಬಂದ್ರಿ ಮೇಡಮ್ಮೋರೆ. ನಾಕ್ನೇ ದಪಕ್ಕೆ ಎಲೆ ಅಡಕೆ ಮಡಗಿ ಕರೀಬೇಕೇನೊ" ಎಂದರು. ಕೌಂಟರಿನವರೆಲ್ಲ ನಕ್ಕರು.

ಆವತ್ತು ಗಾಜು ಒರೆಸಿ ಹೊರಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತೆ. ಜನ ನಾಲ್ಕು ಮಡಿಕೆ ಮಾಡಿ ಚೆಕ್ ಡಬ್ಬಿಗೆ ಹಾಕಿದ್ದನ್ನು ಅಟೆಂಡರ್ ಹೊರತೆಗೆದು, ಮೇಜಿನ ಮೇಲಿಟ್ಟು, ಒಂದೊಂದನ್ನೂ ಹೆಬ್ಬೆರಳಿನಿಂದ ಉಜ್ಜಿ ಚಪ್ಪಟೆ ಮಾಡುತ್ತಿದ್ದರು. ಅದೇ ಬೆರಳಲ್ಲಿ ಆಗಾಗ ಎಲೆಗೆ ಸುಣ್ಣ ಸವರುತ್ತಿದ್ದರು. ನಮ್ಮವ್ವ ಸಂತೆಯಲ್ಲಿ ವೀಳ್ಯದೆಲೆ, ಸುಣ್ಣ ಮಾರುವವರು. ಸೆರಗಿಗೆ ಕೈ ಒರೆಸಿಕೊಂಡೇ ಮುಟ್ಟಿದರೂ ನನ್ನ ಮಾರ್ಕ್ಸ್ ಕಾರ್ಡಿನ ಅಂಚಿನಲ್ಲಿ ಅವರ ಹೆಬ್ಬೆಟ್ಟು ಬೆಳ್ಳಗೆ ಕೂತಿದೆ. ಎದ್ದು ಸ್ಕ್ಯಾನರ್ ಬಿಚ್ಚಿದೆ. ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಸುಣ್ಣದ ಚೂರು ಅಂಟಿತ್ತು. ಚೆಕ್ಕು ಅದರ ಮುಂದೆ ಸರಿಯುವಾಗ ಆ ಚುಕ್ಕೆಯೇ ಫೋಟೋದಲ್ಲಿ ಉದ್ದನೆಯ ಗೆರೆಯಾಗುತ್ತಿತ್ತು.

ಅವರನ್ನು ಹಿತ್ತಲಿನ ನಲ್ಲಿಯ ಹತ್ತಿರ ಕರೆದು ಹೇಳಿದೆ. ಅವರು ಬೆರಳನ್ನೇ ನೋಡುತ್ತ ನಿಂತರು. ವರದಿಯಲ್ಲಿ ಅವರ ಕೈ ತೋರಿಸಿದರೆ ನಾನು ಉಳಿದುಕೊಳ್ಳುತ್ತಿದ್ದೆ. ಆದರೆ ದಿನಗೂಲಿಯವರಿಗೆ ನಾಳೆ ಬರಬೇಡ ಎನ್ನಲು ಒಂದು ಕಾಗದ ಸಾಕು. 'ಗಾಜಿನ ಮೇಲೆ ಸುಣ್ಣ. ಚೆಕ್ಕು ಮುಟ್ಟುವ ಮುನ್ನ ಎಲ್ಲರೂ ಕೈ ತೊಳೆಯಬೇಕು' ಎಂದಷ್ಟೇ ಬರೆದೆ.

ಮ್ಯಾನೇಜರ್ ಓದಿ, ಯಾರ ಸುಣ್ಣ ಎಂದು ಕೇಳಿದರು. ಯಾರದ್ದಾದರೂ ಇರಬಹುದು ಎಂದೆ. ನನಗೇ ಆ ಉತ್ತರ ಸಪ್ಪೆ ಅನ್ನಿಸಿತು.

"ನಂದೇ ಸಾ," ಬಾಗಿಲ ಬಳಿಯಿಂದ ಅಟೆಂಡರ್ ಹೇಳಿದರು. "ಮಡಿಕೆ ಬಿಡಿಸ್ತಿದ್ದೋನು ನಾನೇಯ. ಸುಣ್ಣ ಒಳಗಂಟ ಓಯ್ತದೆ ಅಂತ ಗೊತ್ತಿರ್ನಿಲ್ಲ."

ಮ್ಯಾನೇಜರ್ ವರದಿಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಆಮೇಲೆ ಅಟೆಂಡರ್ ಕಡೆ ತಿರುಗಿ, ಕೈ ತೊಳೆದುಕೊಳ್ಳಿ, ದಿನಾ ಬೆಳಿಗ್ಗೆ ಗಾಜು ಒರೆಸುವುದನ್ನೂ ಇವರಿಂದಲೇ ಕಲಿತುಕೊಳ್ಳಿ ಎಂದರು. ಕಲಿಸಿದೆ. ಒಂದೇ ಸಲಕ್ಕೆ ಹಿಡಿದರು.

ಆಮೇಲೆ ಆ ಶಾಖೆಯಿಂದ ದೂರು ಬರಲಿಲ್ಲ, ನನ್ನ ಕೆಲಸ ಕಾಯಂ ಆಯಿತು. ಮೊನ್ನೆ ಅಟೆಂಡರೇ ಫೋನ್ ಮಾಡಿದರು: "ರಬ್ಬರು ಸವ್ದಂಗದೆ ಕಣವ್ವ. ಬಿಡುವಾದಾಗ ಬಂದು ನೋಡ್ಕೊಂಡೋಗು."

ಹೋಗಿ ನೋಡಿದೆ. ಚೆಕ್ಕು ಎಳೆಯುವ ರಬ್ಬರ್ ರೋಲರ್ ನಿಜಕ್ಕೂ ಸವೆದಿತ್ತು. ಯಂತ್ರ ನಿಲ್ಲುವ ಮೊದಲೇ ಬದಲಾಯಿಸಿ ಬಂದೆ.